ಯಾರ ರುಚಿಗೆ ತಕ್ಕಷ್ಟು?

ನಿವೃತ್ತಿಯ ನಂತರ ಕೈಗೆತ್ತಿಕೊಂಡ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಯಾವುದೆಂದು ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಯಾವುದಾದರೂ ಗ್ರಂಥಸಂಪಾದನೆಯ ಹೆಸರು ಹೇಳುವೆನೆಂದು ಅವರ ನಿರೀಕ್ಷೆ. ಮೈಸೂರಿನ ನಮ್ಮ ಬಡಾವಣೆಯ ಹಿರಿಯ ನಾಗರಿಕರಿಗಾಗಿ ತಿಂಗಳಿಗೊಮ್ಮೆ ಸಿದ್ಧಪಡಿಸುವ ನಾಲ್ಕು ಪುಟಗಳ ‘ಊಟದ ಓಲೆ’ ಎಂದರೆ ನಕ್ಕುಬಿಡುತ್ತಾರೆ. ನಗಲಿ, ಅಡ್ಡಿಯಿಲ್ಲ.

2016ರಲ್ಲಿ ಸಂಘದ ಸಭೆಯಲ್ಲಿ ಈ ಓಲೆಯ ಪ್ರಸ್ತಾಪ ಬಂದಾಗ ಸಲಹೆಗಳಿಗೇನೂ ಕೊರತೆಯಿರಲಿಲ್ಲ. ವಿದ್ವಾಂಸರೊಬ್ಬರು 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಬರುವ ಪಾಕವಿಚಾರವನ್ನೂ 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನೂ ಕಂತುಕಂತಾಗಿ ಪರಿಚಯಿಸಬೇಕೆಂದರು. ಒಬ್ಬರಿಗೆ ಹಬ್ಬದ ಭಕ್ಷ್ಯಗಳು ಬೇಕು, ಮತ್ತೊಬ್ಬರಿಗೆ ಸಿರಿಧಾನ್ಯ. ಎಲ್ಲವೂ ಒಳ್ಳೆಯ ವಿಷಯಗಳೇ. ಆದರೆ ಅವೆಲ್ಲ ಸಭೆಯಲ್ಲಿ ಎದ್ದು ನಿಂತು ಮಾತನಾಡಬಲ್ಲವರ ಆಸಕ್ತಿಗಳು. ಹಿಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತು ಕಾಫಿ ಕುಡಿದು ಎದ್ದುಹೋಗುವವರಿಗೆ ಏನು ಬೇಕು?

ನೇರವಾಗಿ ಕೇಳಿ ಪ್ರಯೋಜನವಿಲ್ಲವೆಂಬುದು ತರಗತಿಯ ಅನುಭವ. "ಅರ್ಥವಾಯಿತೇ?" ಎಂದರೆ ಇಡೀ ತರಗತಿ "ಆಯಿತು ಮಿಸ್" ಎನ್ನುವುದಿಲ್ಲವೇ! ಆದ್ದರಿಂದ ಮೊದಲ ಸಂಚಿಕೆಯ ಜೊತೆಗೆ ಒಂದು ಚೀಟಿ ಇಟ್ಟು, "ನಿನ್ನೆ ರಾತ್ರಿ ಏನು ಊಟ ಮಾಡಿದಿರಿ? ಹೆಸರು ಬರೆಯಬೇಕಾಗಿಲ್ಲ" ಎಂದಷ್ಟೇ ಕೇಳಿದೆ. ಉತ್ತರಗಳನ್ನು ಹಾಕಲು ವಾಚನಾಲಯದ ಮೇಜಿನ ಮೇಲೆ ಒಂದು ಹಳೆಯ ಹಾರ್ಲಿಕ್ಸ್ ಡಬ್ಬ.

ವಾರದ ನಂತರ ಆ ಡಬ್ಬವನ್ನು ಮನೆಗೆ ತಂದು ಚೀಟಿಗಳನ್ನು ಒಂದೊಂದಾಗಿ ಬಿಡಿಸಿದೆ. ಹಾಲು, ಬ್ರೆಡ್ಡು. ನಾಲ್ಕು ಮಾರಿ ಬಿಸ್ಕತ್ತು. ಬೆಳಗಿನ ಉಪ್ಪಿಟ್ಟು ಮಿಕ್ಕಿತ್ತು, ಅದೇ. ಒಂದರಲ್ಲಿ ನಡುಗುವ ಅಕ್ಷರಗಳಲ್ಲಿ, "ಒಬ್ಬಳಿಗೋಸ್ಕರ ಏನು ಒಲೆ ಹಚ್ಚುವುದು?" ಎಂದಿತ್ತು. ಮಕ್ಕಳು ವಿದೇಶದಲ್ಲೋ ಬೆಂಗಳೂರಿನಲ್ಲೋ ಇರುವ, ದೊಡ್ಡ ದೊಡ್ಡ ಅಡುಗೆಮನೆಗಳುಳ್ಳ ಬಡಾವಣೆಯ ಉತ್ತರಗಳಿವು. ಒಬ್ಬಟ್ಟಿನ ಹೂರಣದ ಲೇಖನವನ್ನು ಪಕ್ಕಕ್ಕಿಟ್ಟು ಎರಡನೆಯ ಸಂಚಿಕೆಗೆ ‘ಒಬ್ಬರ ಅಡುಗೆ’ ಎಂಬ ಅಂಕಣವನ್ನು ಬರೆದೆ.

ಬರೆಯುವುದೇನೋ ಬರೆದೆ, ಅದನ್ನು ತಿದ್ದಿದವರು ನಿವೃತ್ತ ಇಂಜಿನಿಯರರೊಬ್ಬರು. ಪತ್ನಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಓಲೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದು, ಅತ್ಯಂತ ಸಂಕೋಚದಿಂದ, "ಮೇಡಂ, ರುಚಿಗೆ ತಕ್ಕಷ್ಟು ಉಪ್ಪು ಎಂದು ಬರೆದಿದ್ದೀರಿ. ಯಾರ ರುಚಿಗೆ? ನಾನು ಈ ತನಕ ಅವಳ ರುಚಿಗೆ ತಕ್ಕಂತೆ ಉಂಡವನು" ಎಂದರು. ಹಾಸ್ಯವೆಂದು ನಗಲು ಹೊರಟವಳು ಅವರ ಮುಖ ನೋಡಿ ಸುಮ್ಮನಾದೆ. ಸಾಸಿವೆ ಸಿಡಿದ ಮೇಲೆ ಎಂದರೆ ಎಷ್ಟು ಹೊತ್ತು, ಹದವಾಗಿ ಬೇಯಿಸುವುದೆಂದರೆ ಮುಟ್ಟಿ ನೋಡಬೇಕೇ, ಹುಣಸೆಹಣ್ಣು ‘ಸ್ವಲ್ಪ’ ಎಂದರೆ ಎಷ್ಟು... ಹೀಗೆ ಅವರ ಪಟ್ಟಿ ಬೆಳೆಯಿತು. ನಮ್ಮ ಪಾಕವಿಧಾನಗಳ ಕನ್ನಡ, ಅಡುಗೆ ಬಲ್ಲವರು ಬಲ್ಲವರಿಗೇ ಹೇಳುವ ಕನ್ನಡ. ಅಂದಿನಿಂದ ಓಲೆಯ ಭಾಷೆಯೇ ಬದಲಾಯಿತು. ಒಬ್ಬರ ಸಾರಿಗೆ ತೊಗರಿಬೇಳೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ. ಹುಣಸೆಹಣ್ಣು ಗೋಲಿಯ ಗಾತ್ರ. ಉಪ್ಪು ಕಾಲು ಚಹಾ ಚಮಚದಿಂದ ಆರಂಭಿಸಿ, ನಾಲಿಗೆಗೆ ಹಾಕಿ ನೋಡಿ, ಬೇಕಾದರೆ ಚಿಟಿಕೆ ಸೇರಿಸಿ. ಒಂದೇ ಕುಕ್ಕರಿನಲ್ಲಿ ಅನ್ನದ ಪಾತ್ರೆಯ ಮೇಲೆ ಬೇಳೆಯ ಪಾತ್ರೆ. ಒಂದು ವ್ಯತ್ಯಾಸವಿರಲಿ ಎಂದು ಅಳತೆಯ ಲೋಟದ ಚಿತ್ರವನ್ನೂ ಬಿಡಿಸಿದ್ದೆ (ಚಿತ್ರಕಲೆಯಲ್ಲಿ ನಾನು ಸೊನ್ನೆ, ಲೋಟ ಮಡಕೆಯಂತೆ ಕಾಣುತ್ತಿತ್ತು).

ಓದುಗರು ಕೇಳಿದ್ದನ್ನೆಲ್ಲ ಕೊಡಬೇಕೆಂಬುದು ಮಾತ್ರ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಅತಿ ಹೆಚ್ಚು ಚೀಟಿಗಳು ಬರುವುದು ಮನೆಮದ್ದಿಗಾಗಿ. ‘ಇಂಥ ರೋಗಕ್ಕೆ ಇಂಥ ರಸ’ ಎಂದು ಅಚ್ಚು ಹಾಕಿದರೆ ಓಲೆಯ ಜನಪ್ರಿಯತೆ ಇಮ್ಮಡಿಸೀತು. ಆದರೆ ಮೂತ್ರಪಿಂಡ ಸೋತವರಿಗೆ ನಿರಪಾಯವೆಂದು ತೋರುವ ಎಳನೀರೂ ಅದರ ಪೊಟ್ಯಾಸಿಯಂನಿಂದಾಗಿ ಅಪಾಯ ತರಬಲ್ಲದು. ಅದನ್ನೇ ಬರೆದೆ. ಸಕ್ಕರೆ ಕಾಯಿಲೆಯವರು ಮುದ್ದೆ ಎಷ್ಟು ತಿಂದರೂ ನಡೆಯುತ್ತದೆಂಬ ನಂಬಿಕೆಗೂ ಉತ್ತರ ಕೊಡಬೇಕಾಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಸರಿ. ಆದರೆ ಪಿಷ್ಟದ ಲೆಕ್ಕದಲ್ಲಿ ರಾಗಿಗೂ ಅಕ್ಕಿಗೂ ಅಂಥ ದೊಡ್ಡ ಅಂತರವಿಲ್ಲ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಣೆಯಾಗಿ ಎಲ್ಲೆಡೆ ಅದರ ಸ್ತುತಿ ನಡೆಯುತ್ತಿದ್ದಾಗ ಈ ಮಾತನ್ನು ಬರೆದದ್ದರಿಂದ ಕೆಲವರಿಗೆ ಅಸಮಾಧಾನವಾಯಿತು.

ಇನ್ನು, ಚೀಟಿಯನ್ನೇ ಹಾಕದವರ ವಿಚಾರ. ಮಂಡ್ಯದ ಕಡೆಯ ಹೆಂಗಸೊಬ್ಬರು ಓಲೆಯನ್ನು ತಪ್ಪದೆ ಒಯ್ಯುತ್ತಿದ್ದರು, ಏನನ್ನೂ ಕೇಳುತ್ತಿರಲಿಲ್ಲ. ಬಸ್ಸಾರಿನ ಬಗ್ಗೆ ಬರೆದುಕೊಡಿ ಎಂದಾಗ ಸಂತೋಷದಿಂದ ಬರೆದುಕೊಟ್ಟು, "ನಮ್ಮನೆ ಭಾನುವಾರದ ಅಡುಗೆ ನಿಮ್ಮ ಓಲೆಗೆ ಬರೋ ಹಾಗಿಲ್ಲ ಬಿಡಿ ಮೇಡಂ" ಎಂದು ನಕ್ಕರು. ನಾನು ಸಸ್ಯಾಹಾರಿ. ಆದರೆ ಓಲೆ ನನ್ನ ಅಡುಗೆಮನೆಯಲ್ಲವಲ್ಲ! ಮುಂದಿನ ಸಂಚಿಕೆಯಲ್ಲಿ ಮೊಟ್ಟೆಯ ಸಾರು ಬಂತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಹತ್ತೇ ನಿಮಿಷದ ಕೆಲಸ. ಬಿಸ್ಕತ್ತು ತಿಂದು ಮಲಗುವವರಿಗೆ ಇದಕ್ಕಿಂತ ಸುಲಭದ ಊಟ ಯಾವುದು? ಸಮಿತಿಯಲ್ಲಿ ದೊಡ್ಡ ಚರ್ಚೆಯೇ ಆಯಿತು. "ಸಂಘದ ಹೆಸರಿನಲ್ಲಿ ಇದೆಲ್ಲ ಬೇಡ" ಎಂದವರಿಗೆ, ಸಂಘದ ಚಂದಾ ಅವರೂ ಕೊಟ್ಟಿದ್ದಾರೆಂದು ಹೇಳಿದೆ. ಕೊನೆಗೆ ಆ ಪುಟವನ್ನು ಪ್ರತ್ಯೇಕ ಹಾಳೆಯಾಗಿ ಕೊಡುವುದು, ಬೇಡದವರು ತೆಗೆದಿಡುವುದು ಎಂದು ತೀರ್ಮಾನವಾಯಿತು. ಇಬ್ಬರು ಓಲೆಯನ್ನೇ ನಿಲ್ಲಿಸಿದರು. ಮರುತಿಂಗಳ ಡಬ್ಬದಲ್ಲಿ, ಅಲ್ಲಿಯವರೆಗೆ ಕಾಣದ ಕೈಬರಹದ ಏಳು ಚೀಟಿಗಳಿದ್ದವು.

ಇಂಜಿನಿಯರರು ಈಗ ಬೇಳೆಯನ್ನು ಅಳೆಯುವುದಿಲ್ಲ, ಹಿಡಿಯಲ್ಲೇ ಹಾಕುತ್ತಾರಂತೆ. ಮುಂದಿನ ಸಂಚಿಕೆಗೆ ನನ್ನ ಮುಂದಿರುವುದು ವಿಜಯಪುರದಿಂದ ಮಗನ ಮನೆಗೆ ಬಂದು ನೆಲೆಸಿರುವ ಅಜ್ಜಿಯೊಬ್ಬರ ಚೀಟಿ: "ಹಲ್ಲು ಹೋಗ್ಯಾವ್ರಿ. ರೊಟ್ಟಿ ಬಿಡಾಕ ಆಗವಲ್ದು, ಏನ್ ಮಾಡ್ಲಿ?" ರೊಟ್ಟಿ ಮುರಿದು ಬಿಸಿ ಬೇಳೆಯಲ್ಲಿ ನೆನೆಸುವುದು, ಜೋಳದ ನುಚ್ಚಿಗೆ ಮಜ್ಜಿಗೆ ಕಲಸುವುದು ಎಂದು ಎರಡು ದಾರಿ ಬರೆದಿಟ್ಟಿದ್ದೇನೆ. ನುಚ್ಚು ಬೇಯಲು ನೀರು ಎಷ್ಟು ಲೋಟವೆಂದು ನಾಳೆ ಬೆಳಿಗ್ಗೆ ಮಾಡಿ ನೋಡಬೇಕು.