ಎಷ್ಟು ಹೊತ್ತಿನ ದಾರಿ?

ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಟಿ. ನರಸೀಪುರ ಎಷ್ಟು ದೂರ ಎಂದು ಕೇಳಿದರೆ ಯಾರೂ ಕಿಲೋಮೀಟರ್ ಹೇಳುವುದಿಲ್ಲ. ‘ಬಸ್ ಸಿಕ್ಕಿದ್ರೆ ಒಂದು ಗಂಟೆ’ ಅನ್ನುತ್ತಾರೆ. ಮಕ್ಕಳು ಕ್ಯಾಲಿಫೋರ್ನಿಯಾ ಸೇರಿದ ಮೇಲೆ ಈ ಅಳತೆ ಅಮೆರಿಕಕ್ಕೂ ಹೋಗಿದೆ. ದೇವಸ್ಥಾನದ ಜಗಲಿಯಲ್ಲಿ ಕೂತ ಹಿರಿಯರೂ ‘ನೇರ ವಿಮಾನ ಆದ್ರೆ ಹದಿನೇಳು ಗಂಟೆ’ ಎಂದು ಸಲೀಸಾಗಿ ಲೆಕ್ಕ ಒಪ್ಪಿಸುತ್ತಾರೆ.

ಆ ಹದಿನೇಳು ಗಂಟೆ ನಮ್ಮ ಮಾತಿಗೆ ಬಂದದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ಇಳಿಯದ ವಿಮಾನ ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ, ಮಹಿಳೆಯರೇ ಇದ್ದ ಪೈಲಟ್ ತಂಡ ಅದನ್ನು ಉತ್ತರ ಧ್ರುವದ ಮೇಲಿಂದ ತಂದಿಳಿಸಿತು. ಎರಡು ಊರುಗಳ ನೇರ ಅಂತರ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಧ್ರುವದ ದಾರಿ ಬಳಸುದಾರಿಯಂತೆ ಕಾಣುತ್ತದೆ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಹಿಡಿದು ಬಿಗಿದು ನೋಡಿ, ದಾರ ತಾನೇ ಮೇಲಕ್ಕೆ ಸರಿಯುತ್ತದೆ.

ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತದೆ ಎಂದೂ ಇಲ್ಲ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ವಿಮಾನವನ್ನು 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆಗೆ ತಿರುಗಿಸಿದರು. ದಾರಿ ಸಾವಿರ ಕಿಲೋಮೀಟರಿಗೂ ಮಿಕ್ಕಿ ಉದ್ದವಾಯಿತು, ಸಮಯ ಮಾತ್ರ ಉಳಿಯಿತು. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ, ಕಪಿಲೆಯ ಸೆಳವು ತೆಪ್ಪವನ್ನು ಒಯ್ಯುವ ಹಾಗೆ, ವಿಮಾನವನ್ನು ಮುಂದಕ್ಕೆ ಒಯ್ಯುತ್ತದೆ.

ಆದರೂ ನಮ್ಮವರ ದಾರಿ ದೇವನಹಳ್ಳಿಯಲ್ಲಿ ಮುಗಿಯುವುದಿಲ್ಲ. ಇಮಿಗ್ರೇಷನ್ ಸಾಲು, ಸೂಟ್‌ಕೇಸಿನ ಕಾಯುವಿಕೆ, ಆಮೇಲೆ ಮೈಸೂರಿನ ಫ್ಲೈಬಸ್ಸು. ಮೈಸೂರು ತಲುಪಲು ನಾಲ್ಕು ಗಂಟೆ, ಅಲ್ಲಿಂದ ಊರಿಗೆ ಇನ್ನೊಂದು. ನಂಜನಗೂಡು ರಸ್ತೆಯಲ್ಲೇ ಮಂಡಕಳ್ಳಿ ವಿಮಾನ ನಿಲ್ದಾಣ ಇದೆ. ಎರಡು ಕಿಲೋಮೀಟರೂ ಇಲ್ಲದ ಅದರ ರನ್‌ವೇ ಸಣ್ಣ ಎಟಿಆರ್ ವಿಮಾನಗಳಿಗೆ ಸಾಕು, ಕಡಲು ದಾಟಿ ಬರುವ ದೊಡ್ಡ ವಿಮಾನಕ್ಕೆ ಸಾಲದು.

ವಾಪಸು ಹೊರಡುವ ಹಿಂದಿನ ರಾತ್ರಿ ಈ ಮನೆಗಳನ್ನು ನೋಡಬೇಕು. ನಡುಮನೆಯಲ್ಲಿ ಸೂಟ್‌ಕೇಸು ಬಾಯಿ ತೆರೆದು ಬಿದ್ದಿರುತ್ತದೆ. ಇಪ್ಪತ್ಮೂರು ಕೆ.ಜಿ. ದಾಟಿತೆಂದು ಮಗ ಹುಳಿಪುಡಿಯ ಪೊಟ್ಟಣ ತೆಗೆದಿಡುತ್ತಾನೆ. ತಾಯಿ ಮಾತಾಡದೆ ಅವನ ಟವೆಲ್ಲು ತೆಗೆದು ಪೊಟ್ಟಣವನ್ನು ಮತ್ತೆ ಒಳಗೆ ತುರುಕುತ್ತಾಳೆ.

ಊರಿನಲ್ಲಿ ಯಾರಾದರೂ ತೀರಿಕೊಂಡಾಗ ಈ ದೂರದ ಭಾರ ತಿಳಿಯುತ್ತದೆ. ‘ಮಗ ಬರೋವರ್ಗೂ ಇಟ್ಕೊಳೋದಾ?’ ಎಂದು ನೆಂಟರು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಟಿಕೆಟ್ ಸಿಗಬೇಕು, ಸಿಕ್ಕಿದರೂ ಹೆಚ್ಚಿನ ಸಲ ನಡುವೆ ಎಲ್ಲಾದರೂ ಇಳಿದು ಹತ್ತಬೇಕು. ಮನೆ ಮುಟ್ಟುವ ಹೊತ್ತಿಗೆ ಒಂದೂವರೆ ದಿನ ಕಳೆದಿರುತ್ತದೆ. ಎಷ್ಟೋ ಮಕ್ಕಳಿಗೆ ಸಿಗುವುದು ನರಸೀಪುರದ ಸಂಗಮದಲ್ಲಿ ಅಸ್ಥಿ ಬಿಡುವ ಕೆಲಸ ಮಾತ್ರ. ಹಾಗೆ ಬಂದವರನ್ನು ದೂರುವ ಮನಸ್ಸು ನನಗಿಲ್ಲ. ದುಡಿಮೆ ಕರೆದ ಕಡೆ ಹೋಗಿದ್ದಾರೆ.

ದೂರ ಇರುವವರಿಗೆ ನನ್ನದು ಒಂದೇ ಮಾತು. ರಜೆಯನ್ನು ಆ ದಿನಕ್ಕೆಂದು ಕೂಡಿಡಬೇಡಿ. ಹೇಗಿದ್ದರೂ ಬರಲೇಬೇಕಾದ ದಾರಿ ಇದು. ಅಮ್ಮ ಹುಳಿಪುಡಿ ಹುರಿಯುವಷ್ಟು ಗಟ್ಟಿಯಾಗಿರುವಾಗಲೇ, ಕಾರಣ ಏನೂ ಇಲ್ಲದಿದ್ದರೂ, ಒಮ್ಮೆ ಬಂದು ಹೋಗಿ.