ಹಿಟ್ಟಿಗೆ ನೀರು ಬಿದ್ದ ಮೇಲೆ

ನಮ್ಮ ಕೋಟೆ ಸೀಮೆಯಲ್ಲಿ ಹಿಟ್ಟು ಅನ್ನುವ ಮಾತಿಗೆ ಮೂರು ಅರ್ಥ. ಮಿಲ್ಲಿನಿಂದ ಚೀಲದಲ್ಲಿ ಬರುವುದೂ ಹಿಟ್ಟು, ನೀರು ಹಾಕಿ ಕಲಸಿದ್ದೂ ಹಿಟ್ಟು, ಬೆಂದು ತಟ್ಟೆಗೆ ಬೀಳುವ ಮುದ್ದೆಯೂ ಹಿಟ್ಟೇ. 'ಹಿಟ್ಟುಂಡ್ಯಾ?' ಅಂದರೆ ಊಟ ಆಯಿತೇ ಅಂತ. ಈ ಒಣ ಹಿಟ್ಟಿಗೂ ಕಲಸಿದ ಹಿಟ್ಟಿಗೂ ನಡುವೆ ಒಂದು ಗೆರೆ ಇದೆ ಅಂತ ನನಗೆ ಗೊತ್ತಾದದ್ದು ಹತ್ತು ವರ್ಷದವನಿದ್ದಾಗ. ಆ ಗೆರೆ ಇನ್ನೂ ಅಳಿಸಿಲ್ಲ ಅಂತ ಗೊತ್ತಾದದ್ದು ಮೊನ್ನೆ ರಜೆಯಲ್ಲಿ, ನನ್ನ ಮಗಳು ಮನೆಯಲ್ಲಿ ಪಿಜ್ಜಾ ಮಾಡಲು ಕೂತಾಗ.

ಮಗಳು ಮೈಸೂರಿನಲ್ಲಿ ಓದುತ್ತಾಳೆ. ಬರುವಾಗ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ಮೈದಾ, ಟೊಮ್ಯಾಟೊ, ಬೆಳ್ಳುಳ್ಳಿ ಕೊಂಡು ತಂದಿದ್ದಳು. ಈಸ್ಟ್ ಪೊಟ್ಟಣ ಮಾತ್ರ ಮೈಸೂರಿನದು. 'ಅಂಗಡಿಯೋರಿಗೆ ಮುನ್ನೂರು ರೂಪಾಯಿ ಯಾಕೆ ಕೊಡಬೇಕಪ್ಪ, ಮನೇಲೇ ಮಾಡಣ' ಅಂದಳು. ನಮ್ಮವ್ವ ಗೋಡೆಗೆ ಒರಗಿಕೊಂಡು ನೋಡುತ್ತ ಕೂತಳು. ಅವ್ವನಿಗೆ ಎಂಬತ್ತು ದಾಟಿದೆ.

ಮುಕ್ಕಾಲು ಪಾಲು ಮೈದಾ, ಕಾಲು ಪಾಲು ರಾಗಿಹಿಟ್ಟು, ಒಟ್ಟು ಮುನ್ನೂರು ಗ್ರಾಂ. ಅರ್ಧ ಚಮಚ ಈಸ್ಟ್, ಒಂದು ಚಮಚ ಉಪ್ಪು, ಉಗುರುಬೆಚ್ಚಗಿನ ನೀರು ಒಂದು ಲೋಟದಷ್ಟು, ಸುಮಾರು ಇನ್ನೂರು ಮಿಲಿಲೀಟರು. ಬರೀ ರಾಗಿಯಲ್ಲಿ ಆಗುವುದಿಲ್ಲವೇ ಅಂತ ಕೇಳಿದೆ. ಆಗುವುದಿಲ್ಲವಂತೆ. ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಟಿದೆ. ನೀರು ಬಿದ್ದು ನಾದಿದರೆ ಅದು ಬಲೆಯ ಹಾಗೆ ಹೆಣೆದುಕೊಂಡು ಈಸ್ಟ್ ಬಿಡುವ ಗಾಳಿಯನ್ನು ಒಳಗೇ ಹಿಡಿದಿಡುತ್ತದೆ. ರಾಗಿಗೆ ಆ ಗುಣವಿಲ್ಲ. ಅದಕ್ಕೇ ನಮ್ಮ ಹೆಂಗಸರು ರಾಗಿಯನ್ನು ಕುದಿಯುವ ಎಸರಿಗೆ ಹಾಕಿ, ಹಿಟ್ಟಿನ ದೊಣ್ಣೆಯಲ್ಲಿ ತಿರುವಿ, ಬಿಸಿಯಲ್ಲೇ ಗಟ್ಟಿ ಮಾಡುವುದನ್ನು ಕಲಿತರು.

ಮಗಳು ಹತ್ತು ನಿಮಿಷ ನಾದಿದಳು. ಮೊದಲು ಕೈಗೆಲ್ಲ ಮೆತ್ತಿಕೊಂಡ ಹಿಟ್ಟು ಆಮೇಲೆ ತಾನೇ ಕೈಬಿಟ್ಟು ನುಣ್ಣಗಾಯಿತು. ಒದ್ದೆ ಬಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟಳು. ಎರಡು ಗಂಟೆಗೆ ಹಿಟ್ಟು ಎರಡರಷ್ಟು ಉಬ್ಬಿತ್ತು. ಅವ್ವ ಬಟ್ಟೆ ಎತ್ತಿ ಮೂಸಿ ನೋಡಿ, 'ಇದೇನ್ ಹೊಸ್ದು ಮಗ, ನಮ್ ಅಂಬ್ಲಿ ಹುಳಿ ಬಂದಂಗೆ ಬಂದದೆ' ಅಂದಳು.

ಹಿಟ್ಟು ಉಬ್ಬುವಷ್ಟರಲ್ಲಿ ಸಾಸು. ಅವ್ವನ ಬಾಯಲ್ಲಿ ಅದು ಗೊಜ್ಜು. ಅರ್ಧ ಕೇಜಿ ಟೊಮ್ಯಾಟೊ ಬಿಸಿನೀರಿಗೆ ಹಾಕಿ ತೆಗೆದು, ಸಿಪ್ಪೆ ಸುಲಿದು, ಕೈಯಲ್ಲೇ ಕಿವುಚಬೇಕು. ಎಣ್ಣೆಗೆ ಆರೇಳು ಎಸಳು ಬೆಳ್ಳುಳ್ಳಿ ಹಾಕಿ, ಕರಗಾಗುವ ಮುಂಚೆ ಟೊಮ್ಯಾಟೊ ಸುರಿದು, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಬೇಕು. ನೀರೊಡೆದರೆ ರೊಟ್ಟಿ ಒದ್ದೆಯಾಗುತ್ತದೆ. ಇಟಲಿಯವರು ಇದಕ್ಕೆ ಒರೆಗಾನೊ ಸೊಪ್ಪು ಹಾಕುತ್ತಾರೆ. ನಮ್ಮ ಹಿತ್ತಲಲ್ಲಿ ಅದೆಲ್ಲಿ ಬರಬೇಕು? ಅವ್ವ ಎದ್ದು ಹೋಗಿ ದೊಡ್ಡಪತ್ರೆಯ ನಾಲ್ಕು ಎಲೆ ಕಿತ್ತು ತಂದಳು. ಎರಡರ ಘಾಟೂ ಹೆಚ್ಚು ಕಡಿಮೆ ಒಂದೇ. ಚೀಸು ಬೇಡವೆಂದೆವು. ಚೀಸಿಲ್ಲದ ಪಿಜ್ಜಾವೂ ಇದೆ. ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಇಷ್ಟೇ ಇರುವ ಅದನ್ನು ಮರಿನಾರಾ ಅನ್ನುತ್ತಾರೆ.

ಪಿಜ್ಜಾ ಸಾಹುಕಾರರ ತಿಂಡಿ ಅಂತ ನಾವು ತಿಳಿದಿದ್ದೇವೆ. ಅದು ನೇಪಲ್ಸಿನ ಬೀದಿ ಬಡವರ ರೊಟ್ಟಿ. ಇವತ್ತು ತಿಂದು ಎಂಟು ದಿನದ ಮೇಲೆ ಕಾಸು ಕೊಡುವ ಸಾಲದ ಪಿಜ್ಜಾ ಅಂತಲೇ ಅಲ್ಲಿ ಒಂದು ಪದ್ಧತಿಯಿತ್ತು. 1889ರಲ್ಲಿ ರಾಣಿ ಮಾರ್ಗರಿಟಾ ಅದನ್ನು ತಿಂದು ಮೆಚ್ಚಿದಳು ಅಂತ ಒಂದು ಕತೆ ಹೇಳುತ್ತಾರೆ. ನಿಜವೋ ಸುಳ್ಳೋ, ಬಡವರ ಅನ್ನಕ್ಕೆ ಹೆಸರು ಬರಬೇಕಾದರೆ ರಾಣಿಯ ಬಾಯಿ ಬೇಕಾಯಿತು. ಆದರೂ 2017ರಲ್ಲಿ ಯುನೆಸ್ಕೊ ನೇಪಲ್ಸಿನ ಪಿಜ್ಜಾ ತಟ್ಟುವವರ ಕೈಕಸುಬನ್ನೇ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕೈಗೆ ಮರ್ಯಾದೆ ಸಿಕ್ಕಿತು. ಇಲ್ಲಿ 2023ನ್ನು ಜಗತ್ತೆಲ್ಲ ಸಿರಿಧಾನ್ಯದ ವರ್ಷ ಅಂತ ಆಚರಿಸಿ ರಾಗಿಗೆ ಮರ್ಯಾದೆ ಕೊಟ್ಟಿತು. ರಾಗಿ ಬೆಳೆದ ಕೈಗೆ ಏನು ಸಿಕ್ಕಿತು?

ಕೈಯ ಮಾತು ಬಂದಾಗೆಲ್ಲ ನನಗೆ ಆ ಮಳೆಗಾಲ ನೆನಪಾಗುತ್ತದೆ. 1978. ಅವ್ವ ಪಕ್ಕದೂರಿನ ಧಣಿಗಳ ಮನೆಗೆ ಕೂಲಿಗೆ ಹೋಗುತ್ತಿದ್ದಳು. ಅವರ ರಾಗಿಯನ್ನು ಮಿಲ್ಲಿಗೆ ಹೊತ್ತು ಹಿಟ್ಟು ಮಾಡಿಸಿ ತರುವ ಕೆಲಸ ನನ್ನದು. ರಾಗಿ ಬಿತ್ತಿದ್ದು, ಕೊಯ್ದದ್ದು, ಬಡಿದದ್ದು, ತೂರಿದ್ದು ನಮ್ಮವರೇ. ಮಿಲ್ಲಿನ ಬಾಯಿಗೆ ಸುರಿದದ್ದು ನಾನೇ. ಹಿಟ್ಟಿನ ಚೀಲವನ್ನು ಕೊಟ್ಟಿಗೆ ಬಾಗಿಲಲ್ಲಿಟ್ಟರೆ ಧಣಿಗಳ ಮನೆಯವರು ತಕರಾರಿಲ್ಲದೆ ಒಳಗೆ ತೆಗೆದುಕೊಳ್ಳುತ್ತಿದ್ದರು.

ಅವತ್ತು ದಾರಿಯಲ್ಲಿ ಮಳೆ ಹಿಡಿಯಿತು. ಚೀಲ ನನ್ನ ತಲೆಯ ಮೇಲೆ. ಓಡಿದೆ. ಮುಟ್ಟುವಷ್ಟರಲ್ಲಿ ಚೀಲದ ತಳ ನೆಂದು ಹಿಟ್ಟು ನನ್ನ ಹಣೆಯ ಮೇಲೆ ಇಳಿಯುತ್ತಿತ್ತು. ಆ ಮನೆಯ ಹೆಂಗಸು ನೋಡಿ, 'ನೀರು ಬಿದ್ದದೆ, ಇನ್ನು ನಮಗಾಗಲ್ಲ. ನಿಮ್ ಹಟ್ಟಿಗೇ ತಕ್ಕೊಂಡೋಗು' ಅಂದಳು. ನನಗೆ ಅರ್ಥವಾಗಲಿಲ್ಲ. ಖುಷಿಯಾಯಿತು. ಅಷ್ಟು ಹಿಟ್ಟು ನಮ್ಮ ಹಟ್ಟಿಯಲ್ಲಿ ಒಟ್ಟಿಗೆ ಎಂದೂ ಇದ್ದದ್ದಿಲ್ಲ. ರಾತ್ರಿ ಅವ್ವ ದೊಡ್ಡ ದೊಡ್ಡ ಹಿಟ್ಟು ತಿರುವಿ ಹಾಕಿದಳು. ನಾವು ಮಕ್ಕಳು ಹೊಟ್ಟೆ ಬಿರಿಯ ಉಂಡೆವು. ಅವ್ವ ಉಣ್ಣಲಿಲ್ಲ. ಆ ಹಿಟ್ಟಿನ ಬೆಲೆಯನ್ನು ಅವಳ ಕೂಲಿಯಲ್ಲಿ ಮುರಿದುಕೊಂಡರು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಗೆಳೆಯರೆ, ಗೆರೆ ಇರುವುದು ಇಲ್ಲಿ. ಒಣಗಿದ್ದಕ್ಕೆ ಮೈಲಿಗೆ ಇಲ್ಲ. ನಮ್ಮ ಬೆವರು ಕುಡಿದ ರಾಗಿಗೆ ಇಲ್ಲ, ಭತ್ತಕ್ಕೆ ಇಲ್ಲ. ನೀರು ಬಿದ್ದ ಕೂಡಲೆ ಹಿಟ್ಟಿಗೆ ಜಾತಿ ಬರುತ್ತದೆ. ಅಂಬೇಡ್ಕರರು 1927ರಲ್ಲಿ ಮಹಾಡಿನ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದದ್ದಕ್ಕೆ ಊರಿಗೆ ಊರೇ ಯಾಕೆ ಹೊಡೆಯಲು ಬಂತು ಅನ್ನುವುದು ಅಡುಗೆ ಮನೆಯಲ್ಲಿ ನಿಂತರೆ ತಿಳಿಯುತ್ತದೆ. 2002ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟ ಶುರುವಾಯಿತು. ಅಡುಗೆಯವಳು ದಲಿತಳು ಅಂತ ಮಕ್ಕಳನ್ನು ಊಟಕ್ಕೆ ಬಿಡದ ಸುದ್ದಿ ಆಮೇಲೆ ಮತ್ತೆ ಮತ್ತೆ ಓದಿದ್ದೇವೆ. ಅದೇ ಶಾಲೆಗೆ ಅಕ್ಕಿ ಮೂಟೆ ಹೊತ್ತು ತಂದವನ ಜಾತಿಯನ್ನು ಯಾರೂ ಕೇಳಿದ್ದಿಲ್ಲ.

ಪಿಜ್ಜಾ ತಟ್ಟುವ ಹೊತ್ತಿಗೆ ನನ್ನ ಜೊತೆ ಪಾಠ ಮಾಡುವ ಮೇಷ್ಟ್ರೊಬ್ಬರು ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರು. ಒಳ್ಳೆಯವರು. ಹನ್ನೆರಡು ವರ್ಷದ ಸ್ನೇಹ. ನಮ್ಮ ಮನೆಗೆ ಬಂದರೆ ಬಾಳೆಹಣ್ಣು ತಿನ್ನುತ್ತಾರೆ, ಪೊಟ್ಟಣದ ಬಿಸ್ಕತ್ತು ತಿನ್ನುತ್ತಾರೆ. ಟೀ ಅಂದರೆ 'ಈಗ್ತಾನೆ ಆಯ್ತು ಮೇಷ್ಟ್ರೇ' ಅನ್ನುತ್ತಾರೆ. ನಾನೂ ಹನ್ನೆರಡು ವರ್ಷದಿಂದ ಬಾಳೆಹಣ್ಣೇ ಕೊಡುತ್ತ ಬಂದಿದ್ದೇನೆ. ಅದು ನನ್ನ ತಪ್ಪು.

ಮಗಳಿಗೆ ಈ ಒಪ್ಪಂದ ಗೊತ್ತಿರಲಿಲ್ಲ. ಹಿಟ್ಟನ್ನು ನಾಲ್ಕು ಉಂಡೆ ಮಾಡಿ, ಕೈಯಲ್ಲೇ ತಟ್ಟಿ, ಕಾದ ಕಾವಲಿಗೆ ಹಾಕಿ, ಒಂದು ಕಡೆ ಬೆಂದ ಮೇಲೆ ಮಗುಚಿ, ಗೊಜ್ಜು ಸವರಿ, ತಟ್ಟೆ ಮುಚ್ಚಿ ಬೇಯಿಸಿದ ಮೊದಲನೆಯದನ್ನು ತಂದು ಅವರ ಮುಂದೆ ಇಟ್ಟಳು. 'ತಿನ್ನಿ ಸರ್, ಬಿಸಿ ಇದೆ.'

'ಓ, ಪಿಜ್ಜಾನಾ! ಮೈಸೂರಿಗೆ ಹೋದಾಗೆಲ್ಲ ನಮ್ ಹುಡುಗ್ರು ಇದಕ್ಕೇ ಪ್ರಾಣ ಬಿಡ್ತಾವೆ' ಅಂದರು. ಕೈ ಮಾತ್ರ ಮುಂದೆ ಬರಲಿಲ್ಲ. ಮೈಸೂರಿನ ಅಂಗಡಿಯಲ್ಲಿ ಆ ಹಿಟ್ಟು ನಾದಿದವರು ಯಾರು? ಇವರು ಕೇಳಿಲ್ಲ. ಅಲ್ಲಿ ಕೈ ಕಾಣುವುದಿಲ್ಲ. ಇಲ್ಲಿ ನನ್ನ ಮಗಳ ಬೆರಳ ಸಂದಿಯಲ್ಲಿ ಹಿಟ್ಟು ಇನ್ನೂ ಒಣಗಿರಲಿಲ್ಲ.

ಆಮೇಲೆ, 'ಇವತ್ತು ಶನಿವಾರ, ನಂದು ಒಪ್ಪತ್ತು. ಕಟ್ಕೊಡವ್ವ, ಹುಡುಗ್ರಿಗೆ ಕೊಡ್ತೀನಿ' ಅಂದರು. ಮಗಳು ಕಾಗದದಲ್ಲಿ ಸುತ್ತಿ ಕೊಟ್ಟಳು. ಅದು ಅವರ ಮನೆ ಸೇರಿತೋ ದಾರಿಯ ಮೋರಿ ಸೇರಿತೋ ಅಂತ ನಾನು ಯೋಚಿಸುತ್ತ ನಿಂತೆ. ಅವ್ವ ನನ್ನ ಮುಖ ನೋಡಿ, 'ಅದ್ಯಾಕ್ಲಾ ಹಂಗ್ ನಿಂತೀಯೆ? ಕೊಟ್ಟಾಯ್ತು ಬುಡು. ನಿನ್ ಪಾಲು ಆರೋಯ್ತದೆ, ಉಣ್ಣು ಬಾ' ಅಂದಳು. ಅವತ್ತು ಅವ್ವ ಒಂದು ಇಡೀ ಪಿಜ್ಜಾ ಉಂಡಳು. ಗೊಜ್ಜಿಗೆ ಖಾರ ಸಾಲದು ಅಂತ ಹಸಿಮೆಣಸಿನಕಾಯಿ ನಂಚಿಕೊಂಡಳು.

ರಜೆ ಮುಗಿದು ಶಾಲೆ ಶುರುವಾದ ದಿನ ಆ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹತ್ತಿರ ಬಂದರು. 'ಮೇಷ್ಟ್ರೇ, ಹುಡುಗ್ರು ಅದನ್ನೇ ಮಾಡ್ಕೊಡು ಅಂತ ಹಟ ಹಿಡಿದವೆ. ಹಿಟ್ಟಿಗೆ ನೀರು ಎಷ್ಟು ಹಾಕ್ಬೇಕು, ಮಗಳನ್ನ ಕೇಳಿ ಹೇಳ್ತೀರಾ?'

ನನಗೇ ಗೊತ್ತಿತ್ತು. ಅಳತೆ ಹೇಳಿದೆ. ಸಂಜೆ ನಮ್ಮ ಮನೆಗೇ ಬನ್ನಿ, ಕೂತು ಟೀ ಕುಡಿದುಕೊಂಡು ಕಲಸೋಣ ಅಂತಲೂ ಹೇಳಿದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾನು ಬಾಳೆಹಣ್ಣಿನ ಮಾತು ಎತ್ತಲಿಲ್ಲ. ಅವರು ನೋಡೋಣ ಅಂದಿದ್ದಾರೆ. ಮನೆಯಲ್ಲಿ ಈಸ್ಟ್ ಇನ್ನೂ ಅರ್ಧ ಪೊಟ್ಟಣ ಉಳಿದಿದೆ.