ಬಾಗಿಲು ಯಾರ ಕೈಲಿ? (ಭಾಗ 4)

ಮೊದಲನೇ ಫೋಟೊ ನೋಡಿ ಕೆರೆ ಅಂದ್ಕೊಂಡ್ರಾ? ಅದು ಗದ್ದೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರೋ ಕಡೆ ಇಂಥ ನೆಲಕ್ಕೆ ಗಜನಿ ಅಂತಾರೆ. ಅದರಲ್ಲಿ ಇಪ್ಪತ್ತು ಗುಂಟೆ ನಮ್ಮದು. ಎಲ್ಲಿಂದ ಎಲ್ಲಿವರೆಗೆ ಅಂದ್ರೆ ನಂಗೆ ತೋರಿಸೋಕೆ ಬರಲ್ಲ, ಅಜ್ಜಿಗೆ ಮಾತ್ರ ಗೊತ್ತು.

ನಾನು ಬರೀತಿರೋದು ಶ್ರೀಗಂಧದ ಕಾವಲ್‌ನ ಎರಡನೇ ಮಹಡಿಯ ಬಾಡಿಗೆ ಮನೆಯಿಂದ. (ಗಂಧದ ಮರ ಎಲ್ಲಿ ಅಂತ ಕೇಳ್ಬೇಡಿ. ಇಲ್ಲಿ ಕಾವಲೂ ಇಲ್ಲ, ಗಂಧವೂ ಇಲ್ಲ, ಮಾಗಡಿ ರೋಡಿನ ಹಾರನ್ ಇದೆ.)

ಕ್ಲಾಸಿನವರಿಗೆ ನಮ್ಮ ಪ್ರಾಜೆಕ್ಟ್ ನೆನಪಿರತ್ತೆ. ‘ಪೆಸಿಫಿಕ್ ದ್ವೀಪ ದೇಶಗಳಲ್ಲಿ ಸುಸ್ಥಿರ ಮೀನು ಕೃಷಿಗೆ ಯೋಜನೆ’. ಚೀಟಿ ಎತ್ತಿದಾಗ ಎಲ್ಲರೂ ನಕ್ಕಿದ್ರಿ. ಮ್ಯಾಪ್ ಮೇಲೆ ಬೆರಳಿಟ್ರೆ ಇಡೀ ದೇಶ ಮುಚ್ಚಿಹೋಗತ್ತೆ, ಅದಕ್ಕೇನು ಯೋಜನೆ ಅಂತ. ಆದ್ರೆ ಓದ್ತಾ ಓದ್ತಾ ಎರಡು ಕಥೆ ತಲೆಯಲ್ಲಿ ಕೂತ್ಬಿಟ್ವು.

ನೌರು ದೇಶದವರು ಸಮುದ್ರದಿಂದ ಹೂಮೀನಿನ ಮರಿ ಹಿಡಿದು ಬುವಾಡ ಅನ್ನೋ ಕೊಳದಲ್ಲಿ ಸಾಕ್ತಿದ್ರು. 1960ರ ದಶಕದಲ್ಲಿ ಅಲ್ಲಿಗೆ ತಿಲಾಪಿಯಾ ತಂದು ಬಿಟ್ರು. ಅದೇ, ನಮ್ಮ ಕೆರೆಗಳಲ್ಲಿ ಜಿಲೇಬಿ ಅಂತೀವಲ್ಲ, ಭಾರತಕ್ಕೆ 1952ರಲ್ಲಿ ಬಂದಿದ್ದು. ಅದು ಕೊಳ ತುಂಬ್ಕೊಳ್ತು, ಹೂಮೀನು ಸಾಕಣೆ ಹಾಳಾಯ್ತು. ಇನ್ನೊಂದು, ಕುಕ್ ದ್ವೀಪಗಳ ಮನಿಹಿಕಿ. ಒಂದೇ ಲಗೂನ್‌ನಲ್ಲಿ ಎಲ್ಲರೂ ಕಪ್ಪು ಮುತ್ತಿನ ಚಿಪ್ಪು ನೇತುಹಾಕಿದ್ರು, ಪ್ರತಿಯೊಬ್ಬರೂ ಇನ್ನಷ್ಟು, ಇನ್ನಷ್ಟು. 2000ರಲ್ಲಿ ರೋಗ ಬಂತು. ಕಡಿಮೆ ಹಾಕಿದವನ ಚಿಪ್ಪೂ ಸತ್ತಿತು, ಯಾಕಂದ್ರೆ ನೀರು ಒಂದೇ. ಲಗೂನ್‌ಗೆ ನಿಯಮ ಬರೆದಿದ್ದು ಆಮೇಲೆ.

ಪ್ರಾಜೆಕ್ಟ್ ಕೊಟ್ವಿ, ಮಾರ್ಕ್ಸ್ ಬಂತು, ಮರೆತೆ. ಹೋದ ತಿಂಗಳು ಊರಿಂದ ದೊಡ್ಡಪ್ಪ ಫೋನ್ ಮಾಡಿದ್ರು. ಸೀಗಡಿ ಸಾಕೋಕೆ ಯಾರೋ ಗಜನಿ ಲೀಸ್‌ಗೆ ಕೇಳ್ತಿದಾರೆ, ಐದು ವರ್ಷದ್ದು ಒಟ್ಟಿಗೇ ಅಡ್ವಾನ್ಸ್ ಕೊಡ್ತಾರಂತೆ, ಅಪ್ಪನ ಸಹಿ ಬೇಕು. ನಮ್ಮ ಪಾಲಿಗೆ ಬರೋ ದುಡ್ಡಲ್ಲಿ ನನ್ನ ಈ ವರ್ಷದ ಫೀಸ್ ಆಗೋಗತ್ತೆ. ಪೀಣ್ಯದಿಂದ ಶಿಫ್ಟ್ ಮುಗಿಸಿ ಬಂದ ಅಪ್ಪ ಊಟಕ್ಕೆ ಕೂತವರೇ, “ನೀನೇ ಇದನ್ನ ಓದಿದೀಯಲ್ಲ, ಹೇಳು” ಅಂದ್ರು.

ಗಜನಿ ಹೇಗೆ ನಡೆಯತ್ತೆ ಅಂತ ತಿಳಿದ್ರೆ ನನ್ನ ಕಷ್ಟ ಅರ್ಥ ಆಗತ್ತೆ. ಸುತ್ತ ಒಂದು ದೊಡ್ಡ ಒಡ್ಡು, ಅದಕ್ಕೆ ಹಲಗೆ ಬಾಗಿಲು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನ ತೊಳೆದ ಮೇಲೆ ಒಳಗೆ ಕಗ್ಗ ಬೆಳೀತಾರೆ. ಉಪ್ಪು ತಡ್ಕೊಳ್ಳೋ ಭತ್ತ ಅದು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಲಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡ್ತಾರೆ. ಆಮೇಲೆ ಭರತದಲ್ಲಿ ಬಾಗಿಲು ತೆಗೆದ್ರೆ ಉಪ್ಪುನೀರಿನ ಜೊತೆ ಸೀಗಡಿ, ಮೀನಿನ ಮರಿ ತಾವಾಗೇ ಒಳಗೆ ಬರತ್ವೆ, ಕೊಳೆತ ಹುಲ್ಲೇ ಅವಕ್ಕೆ ಮೇವು. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದ್ರೆ ಸಾಕು. ಅರ್ಧ ವರ್ಷ ಅನ್ನ, ಅರ್ಧ ವರ್ಷ ಸಾರು. ಕೇರಳದ ಪೊಕ್ಕಾಳಿ, ಗೋವಾದ ಖಾಜನ್, ಎಲ್ಲ ಇದರ ನೆಂಟರೇ.

ಇಡೀ ಲೆಕ್ಕ ನಿಂತಿರೋದು ಆ ಬಾಗಿಲ ಮೇಲೆ. ಬರೀ ಸೀಗಡಿ ಸಾಕೋರಿಗೆ ವರ್ಷಪೂರ್ತಿ ಉಪ್ಪುನೀರು ಬೇಕು. ಬಾಗಿಲು ಅವರ ಕೈಗೆ ಹೋದ್ರೆ ಒಡ್ಡಿನ ಒಳಗಿರೋ ಯಾರಿಗೂ ಕಗ್ಗ ಇಲ್ಲ, ಲೀಸ್ ಕೊಡದೇ ಇದ್ದವರಿಗೂ.

ಇದೇನು ಹೊಸದಲ್ಲ. 1990ರ ದಶಕದಲ್ಲಿ ದೇಶದ ಕರಾವಳಿ ಉದ್ದಕ್ಕೂ ಸೀಗಡಿ ಹುಚ್ಚು ಹತ್ತಿತ್ತು. 1994-95ರಲ್ಲಿ ಬಿಳಿಚುಕ್ಕೆ ರೋಗ ಬಂದು ಎಷ್ಟೋ ಹೊಂಡ ಖಾಲಿಯಾದವು. ತಮಿಳುನಾಡಿನ ಸರ್ವೋದಯ ನಾಯಕ ಜಗನ್ನಾಥನ್ ಕೋರ್ಟಿಗೆ ಹೋದ್ರು, 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸೀಗಡಿ ಹೊಂಡ ಬೇಡ ಅಂತು. ಸಾಂಪ್ರದಾಯಿಕ ರೀತಿಗೆ ಮಾತ್ರ ವಿನಾಯಿತಿ. ಆಮೇಲೆ 2005ರ ಕಾಯ್ದೆ ನೋಂದಣಿ ಮಾಡ್ಸಿ ಸಾಕಿ ಅಂತು. 2009ರಿಂದ ವನ್ನಾಮಿ ಸೀಗಡಿ ಬಂತು, ಅದರ ಮೂಲವೂ ಪೆಸಿಫಿಕ್ ತೀರವೇ, ಅಮೆರಿಕದ ಕಡೆಯದು. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ತು. ಅಜ್ಜಿಗೆ ಹೇಳಿದೆ. “ಅದ್ರಿಂದ ಒಡ್ಡು ರಿಪೇರಿ ಆಗ್ತದಾ ತಮಾ?” ಅಂತ ಕೇಳಿದ್ಲು.

ಮೊದಲ ಸಲ ಲೀಸ್ ಕೊಟ್ಟಿದ್ದು ಅಜ್ಜ. ಎರಡು ವರ್ಷ ದುಡ್ಡು ಬಂತು, ಮೂರನೇ ವರ್ಷ ಸೀಗಡಿ ಸತ್ತು ಹಿಡಿದವರು ಊರು ಬಿಟ್ರು. ಒಡ್ಡು ಒಡೀತು, ಕಟ್ಟೋರು ಇಲ್ಲ. ಅಪ್ಪ ಬೆಂಗಳೂರು ಬಸ್ ಹತ್ತಿದ್ದು ಅದರ ಮರುವರ್ಷ. ಇದನ್ನ ಇಷ್ಟು ದಿನ ಮನೇಲಿ ಯಾರೂ ನಂಗೆ ಹೇಳಿರ್ಲಿಲ್ಲ.

ಹಾಗಾದ್ರೆ ಬೇಡ ಅಂದ್ಬಿಡು ಅಂತೀರಾ? ನಾನೂ ಹಾಗೇ ಅಂದೆ. ದೊಡ್ಡಪ್ಪ ತಿರುಗಿ ಕೇಳಿದ್ರು: “ಸುತ್ತ ಎಂಟು ಮನೆಯವ್ರು ಆಗ್ಲೇ ಹೂಂ ಅಂದಿದಾರೆ. ನಾವು ಬೇಡ ಅಂದ್ರೆ ಉಪ್ಪುನೀರು ನಮ್ಮ ಗದ್ದೆ ಬಿಟ್ಟು ಹೋಗ್ತದಾ? ಕಗ್ಗವೂ ಇಲ್ಲ, ದುಡ್ಡೂ ಇಲ್ಲ.” ನನ್ನ ಹತ್ರ ಉತ್ತರ ಇರ್ಲಿಲ್ಲ. ಮನಿಹಿಕಿ ಬಗ್ಗೆ ಎಂಟು ಸ್ಲೈಡ್ ಮಾಡಿದವನು ನಾನು.

ಎರಡು ದಿನ ಬಿಟ್ಟು ಫೋನ್ ಮಾಡಿ ಒಂದೇ ಷರತ್ತು ಹೇಳಿದೆ. ಜೂನ್‌ನಿಂದ ಕಗ್ಗ ಕೊಯ್ಯೋವರೆಗೆ ಬಾಗಿಲು ರೈತರ ಕೈಲೇ ಇರ್ಬೇಕು, ಅದನ್ನ ಕರಾರಲ್ಲಿ ಬರೀಬೇಕು, ಒಂಬತ್ತೂ ಮನೆಯವರು ಒಟ್ಟಿಗೆ ಕೇಳ್ಬೇಕು. ಲೀಸ್‌ನವರು ‘ನೋಡೋಣ’ ಅಂದಿದಾರಂತೆ. ಎಂಟರಲ್ಲಿ ಮೂರು ಮನೆ ನಮ್ಮ ಜೊತೆ ಇದೆ. ಉಳಿದವರಲ್ಲಿ ಒಬ್ಬರು, “ಬೆಂಗಳೂರಲ್ಲಿ ಕೂತವ್ನಿಗೆ ಏನು” ಅಂದ್ರಂತೆ. ತಪ್ಪೇನಿಲ್ಲ ಬಿಡಿ.

ಅಪ್ಪ ಇನ್ನೂ ಸಹಿ ಹಾಕಿಲ್ಲ. ಫೀಸ್ ಕಟ್ಟೋಕೆ ಇಪ್ಪತ್ತೆರಡು ದಿನ ಇದೆ. ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದೀನಿ, ಆ ಐದು ಮನೆಗೂ ಹೋಗ್ಬೇಕು. ಕೊನೇ ಫೋಟೊದಲ್ಲಿ ಅಜ್ಜಿ ಕೈಯಲ್ಲಿರೋದು ಕಗ್ಗದ ಬೀಜ, ಡಬ್ಬಿಯಲ್ಲಿ ಇಟ್ಟಿದ್ದಾಳೆ.